ಎಳೆಯರಿಗೆ ಸ್ವರಬೋಧೆ: ಕಾಗುಣಿತವನ್ನು ಕುರಿತು ಒಂದು ವಿವೇಚನೆ

ಲಿಂಗಪೂಜೆ ನಡೆಯುವ ಮನೆಯಲ್ಲಿ ಹುಟ್ಟಿದ ಕೂಸು ಸ್ಲೇಟು ಬಳಪಗಳನ್ನು ಕಾಣುವುದಕ್ಕೆ ಮುಂಚೆಯೇ ‘ನಮಃ ಶಿವಾಯ’ ಎಂಬುದನ್ನು ಬಾಯಲ್ಲಿ ಆಡಿರುತ್ತದೆ. ಅಜ್ಜಿಯ ಮಡಿಲಲ್ಲಿ ಕುಳಿತು, ಹಣೆಗೆ ವಿಭೂತಿ ಧರಿಸಿಕೊಳ್ಳುವ ಹೊತ್ತಿನಲ್ಲಿ ಕಿವಿಯಿಂದ ಕಲಿತ ಮಂತ್ರ ಅದು. ಈ ಮಂತ್ರಕ್ಕೆ ಪಂಚಾಕ್ಷರಿಯೆಂದು ಹೆಸರು. ಪ್ರಣವವನ್ನು ಕೂಡಿಸಿದರೆ ಷಡಕ್ಷರಿ. ಆದರೆ ಇದರಲ್ಲಿ ಅಕ್ಷರಗಳು ಐದೇ ಏಕೆ ಎಂಬ ಪ್ರಶ್ನೆಯನ್ನು ಭಕ್ತರು ಕೇಳಿಕೊಳ್ಳುವುದು ಅಪರೂಪ. ವೈಯಾಕರಣರ ರೀತಿಯಲ್ಲಿ ಬಿಡಿಸಿದರೆ ನ್, ಅ, ಮ್, ಅ, ಶ್, ಇ, ವ್, ಆ, ಯ್, ಅ ಎಂದು ಹತ್ತು ವರ್ಣಗಳು ದೊರೆಯುತ್ತವೆ. ಮಕಾರದ ಮುಂದಿನ ವಿಸರ್ಗವನ್ನು ಸೇರಿಸಿದರೆ ಹನ್ನೊಂದು. ಹೀಗಿದ್ದರೂ ಪರಂಪರೆಯು ಎಣಿಸಿದ್ದು ನ, ಮ, ಶಿ, ವಾ, ಯ ಎಂಬ ಐದನ್ನೇ. ಅಂದರೆ ನಮ್ಮ ಹಿರಿಯರ ಕಿವಿಗೆ ಅಕ್ಷರವೆಂದರೆ ಬಿಡಿ ಧ್ವನಿಯಲ್ಲ. ಒಂದು ಸ್ವರವನ್ನು ನಡುವಿಟ್ಟುಕೊಂಡು, ಅದನ್ನು ಆಶ್ರಯಿಸಿ ಬಂದ ವ್ಯಂಜನವನ್ನೂ ಕೂಡಿಸಿಕೊಂಡು, ಒಂದೇ ಉಸಿರಿನ ನೂಕಿನಲ್ಲಿ ಹೊರಬೀಳುವ ಘಟಕ. ಐದು ಸ್ವರಗಳಿರುವುದರಿಂದ ಐದು ಅಕ್ಷರ. ಎಣಿಕೆ ನಡೆದಿರುವುದು ಸ್ವರದಿಂದ.

ಎಳೆಯ ಮಕ್ಕಳಿಗೆ ಓದು ಬರಹ ಕಲಿಸುವ ವಿಚಾರದಲ್ಲಿ ಈ ಚಿಕ್ಕ ಸಂಗತಿಯಲ್ಲಿ ಅಡಗಿರುವ ತಿರುಳು ಬಹಳ. ‘ಕಾಗುಣಿತ ತಪ್ಪು’ ಎಂಬುದು ಕನ್ನಡದಲ್ಲಿ ಬರಹದ ದೋಷಕ್ಕೆಲ್ಲ ಸಲ್ಲುವ ಮಾತಾಗಿದೆ. ಕಾಗುಣಿತವೆಂದರೆ ವ್ಯಂಜನಕ್ಕೆ ಸ್ವರವನ್ನು ಹಚ್ಚುವ ಕ್ರಮವಷ್ಟೆ. ಬರಹದ ತಪ್ಪಿಗೆಲ್ಲ ಸ್ವರ ಹಚ್ಚುವ ಕ್ರಮದ ಹೆಸರನ್ನೇ ಇಟ್ಟಿರುವ ಜನ, ತಪ್ಪು ಹೆಚ್ಚಾಗಿ ಎಲ್ಲಿ ನಡೆಯುತ್ತದೆಂಬುದನ್ನು ಬಲ್ಲವರೇ ಆಗಿದ್ದರು.

ಸ್ವರವೆಂಬ ಪದಕ್ಕೆ ‘ತಾನೇ ತಾನಾಗಿ ಬೆಳಗುವುದು’ ಎಂದು ಪತಂಜಲಿಯ ಮಹಾಭಾಷ್ಯದಲ್ಲಿ ನಿರ್ವಚನವುಂಟು. ವ್ಯಂಜನವು ಅದರ ಹಿಂದೆ ನಡೆಯುವಂಥದು. ಶಿವನ ಡಮರುವಿನಿಂದ ಹೊಮ್ಮಿದುವೆಂದು ಪ್ರತೀತಿಯಿರುವ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಮೊದಲ ನಾಲ್ಕು ಸ್ವರಗಳಿಗೇ ಮೀಸಲು. ಕನ್ನಡದ ಕೇಶಿರಾಜನು ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರಗಳ ಪಟ್ಟಿಯನ್ನು ಕೊಡುವುದಕ್ಕೆ ಮೊದಲು ನಾದ ಹುಟ್ಟುವ ಬಗೆಯನ್ನೇ ಹೇಳುತ್ತಾನೆ: ಜೀವನ ಇಚ್ಛೆಯಿಂದ ನಾಭಿಮೂಲದಲ್ಲಿ ಗಾಳಿ ಎದ್ದು, ಕಹಳೆಯ ಹಾಗೆ ಶಬ್ದವಾಗುತ್ತದೆಂಬುದು ಅವನ ಮತ. ಬರೆಯುವ ಅಕ್ಷರಕ್ಕಿಂತ ಕೇಳುವ ಅಕ್ಷರ ಮೊದಲಿನದೆಂಬ ಅರಿವು ಅವನಿಗಿತ್ತು. ಇಂದಿನ ಬಾಲಬೋಧೆಗಳನ್ನು ರಚಿಸುವವರು ಈ ಒಂದು ಪದ್ಯವನ್ನಾದರೂ ಮನನ ಮಾಡಿದ್ದರೆ ಎಷ್ಟೋ ಮಕ್ಕಳ ಕಷ್ಟ ತಪ್ಪುತ್ತಿತ್ತು.

‘ಶಿವ’ ಎಂಬಲ್ಲಿ ಇಕಾರ ಜಾರಿದರೆ ಉಳಿಯುವುದು ‘ಶವ’ ಎಂಬ ಮಾತು ಶೈವ ಶಾಕ್ತ ಪರಂಪರೆಗಳೆರಡರಲ್ಲೂ ಪ್ರಸಿದ್ಧ. ಇಕಾರವೇ ಶಕ್ತಿ, ಅದನ್ನಗಲಿದ ಶಿವನು ಜಡ ಎಂದು ಅದರ ತಾತ್ಪರ್ಯ. ಶಿವಶಕ್ತಿಯರ ಅವಿನಾಭಾವವನ್ನು ಹೇಳುವ ಶಕ್ತಿವಿಶಿಷ್ಟಾದ್ವೈತದ ಓದುಗರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಶಬ್ದಚಮತ್ಕಾರದಿಂದ ಸಿದ್ಧಾಂತ ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಶಿಕ್ಷಕನಿಗೆ ಇಷ್ಟು ಸೊಗಸಾದ ಉದಾಹರಣೆ ಬೇರೊಂದಿಲ್ಲ. ತಲೆಯ ಮೇಲಿನ ಒಂದು ಗುಡಿಸು ಇದ್ದರೆ ಒಂದು ಅರ್ಥ, ತಲೆಕಟ್ಟಾದರೆ ಮತ್ತೊಂದು. ವ್ಯಂಜನಗಳು ಇದ್ದಂತೆಯೇ ಇವೆ. ಬದಲಾದದ್ದು ಸ್ವರ ಮಾತ್ರ. ಆರು ವರ್ಷದ ಮಗುವಿಗೂ ಇದು ತಿಳಿಯುತ್ತದೆ, ತಿಳಿದು ನಗುತ್ತದೆ.

ಈಗ ಶಾಲೆಯಲ್ಲಿ ನಡೆಯುವ ಕ್ರಮವನ್ನು ನೋಡಬಹುದು. ಇಂದಿನ ಕನ್ನಡ ವರ್ಣಮಾಲೆಯಲ್ಲಿ ಅಕಾರದಿಂದ ಔಕಾರದವರೆಗೆ 13 ಸ್ವರಗಳು, ಅನುಸ್ವಾರ ವಿಸರ್ಗಗಳೆಂಬ ಎರಡು ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49. ಇಂಗ್ಲಿಷಿನ 26ರ ಮುಂದೆ ಇದೇನೂ ದೊಡ್ಡ ಸಂಖ್ಯೆಯಲ್ಲವೆಂದು ತೋರಬಹುದು. ಆದರೆ ಮಗುವಿನ ಕಣ್ಣಿಗೆ ಬೀಳುವ ಆಕೃತಿಗಳು 49 ಅಲ್ಲ. 34 ವ್ಯಂಜನಗಳಲ್ಲಿ ಒಂದೊಂದಕ್ಕೂ 13 ಸ್ವರ ಹಚ್ಚಿದರೆ 442 ರೂಪ. ಯೋಗವಾಹಗಳನ್ನು ಕೂಡಿಸಿದರೆ 510. ಒತ್ತಕ್ಷರಗಳ ಸಂಖ್ಯೆ ಬೇರೆ. ಇಷ್ಟನ್ನೂ ಬಿಡಿಬಿಡಿಯಾಗಿ ನೆನಪಿಡುವುದು ಯಾರಿಂದಲೂ ಆಗದ ಕೆಲಸ. ಹದಿಮೂರು ಸ್ವರಚಿಹ್ನೆಗಳ ಗುಟ್ಟು ತಿಳಿದರೆ ಮಾತ್ರ ಐನೂರು ಆಕೃತಿಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಆದುದರಿಂದ ಕನ್ನಡ ಬರಹದ ಕೀಲಿಕೈ ಇರುವುದು ಸ್ವರದಲ್ಲಿ.

ಹಿಂದೆ ಮೈಸೂರು ಸೀಮೆಯ ಕೂಲಿಮಠಗಳಲ್ಲಿಯೂ ಐಗಳ ಮಠಗಳಲ್ಲಿಯೂ ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಕಕ್ಕೆ ತಲೆಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಗುಡಿಸಿನ ದೀರ್ಘ ಕೊಟ್ಟರೆ ಕೀ, ಕೊಂಬು ಕೊಟ್ಟರೆ ಕು, ವಟ್ರಸುಳಿ ಕೊಟ್ಟರೆ ಕೃ, ಏತ್ವ ಕೊಟ್ಟರೆ ಕೆ, ಹೀಗೆ ರಾಗವಾಗಿ ಒಪ್ಪಿಸುವ ಪದ್ಧತಿ ಅಂದಿನಿಂದ ನಡೆದುಬಂದದ್ದು. ಈ ಹೆಸರುಗಳ ಸೊಬಗನ್ನು ಗಮನಿಸಬೇಕು. ತಲೆಕಟ್ಟು, ಗುಡಿಸು, ಕೊಂಬು, ಸುಳಿ ಇವೆಲ್ಲ ಹಳ್ಳಿಯ ಮಗುವಿಗೆ ಕಣ್ಣಮುಂದಿನ ವಸ್ತುಗಳು. ಚಿಹ್ನೆಯ ಆಕಾರವನ್ನು ಹೆಸರಿನಲ್ಲೇ ಹಿಡಿದಿಟ್ಟ ಜಾಣ್ಮೆ ಅದು. ಇದನ್ನು ಬರಿಯ ಉರುಹೊಡೆಯುವ ವಿದ್ಯೆಯೆಂದು ಹಳಿಯುವುದು ನ್ಯಾಯವಲ್ಲ.

ಆದರೂ ಈ ಕ್ರಮದಲ್ಲಿ ಒಂದು ಕೊರತೆಯುಂಟು. ಕಾಗುಣಿತವನ್ನು ಯಾವಾಗಲೂ ಅಡ್ಡಸಾಲಿನಲ್ಲಿಯೇ ಒಪ್ಪಿಸುವುದು ವಾಡಿಕೆ: ಕ ಕಾ ಕಿ ಕೀ, ಗ ಗಾ ಗಿ ಗೀ. ಅಡ್ಡಸಾಲಿನಲ್ಲಿ ವ್ಯಂಜನ ಸ್ಥಿರವಾಗಿ ನಿಂತು ಸ್ವರ ಬದಲಾಗುತ್ತ ಹೋಗುತ್ತದೆ. ಮಗುವಿನ ನಾಲಗೆ ಆ ಪ್ರವಾಹದಲ್ಲಿ ಸಾಗುತ್ತದೆ. ನಡುವೆ ನಿಲ್ಲಿಸಿ ‘ಗೀ ಎಲ್ಲಿದೆ, ತೋರಿಸು’ ಎಂದರೆ ಮತ್ತೆ ಗಕಾರದಿಂದ ಆರಂಭಿಸಿ ಬೆರಳಿಟ್ಟು ಎಣಿಸಿಕೊಂಡು ಬರಬೇಕಾಗುತ್ತದೆ. ಇಡೀ ಕಾಗುಣಿತವನ್ನು ತಡೆಯಿಲ್ಲದೆ ಒಪ್ಪಿಸುವ ಮಗು ‘ಗೀಜಗ’ ಎಂಬ ಮೂರಕ್ಷರದ ಮಾತನ್ನು ಓದಲಾರದೆ ನಿಲ್ಲುವುದನ್ನು ಅಧ್ಯಾಪಕರೆಲ್ಲ ಬಲ್ಲರು. ದಡ್ಡತನದ ಮಾತಲ್ಲ ಇದು. ಮಗುವಿಗೆ ತಿಳಿದಿರುವುದು ಸಾಲು, ತಿಳಿಯದಿರುವುದು ಸ್ವರ.

ಅದೇ ಕೋಷ್ಠಕವನ್ನು ಕಂಬಸಾಲಿನಲ್ಲಿ ಓದಿಸಿದರೆ ಸಂಗತಿ ಬೇರೆಯಾಗುತ್ತದೆ. ಕಿ, ಗಿ, ತಿ, ನಿ, ಮಿ, ರಿ, ಶಿ ಎಂದು ಮೇಲಿನಿಂದ ಕೆಳಕ್ಕೆ ಇಳಿದಾಗ ಗುಡಿಸು ಸ್ಥಿರವಾಗಿ ನಿಲ್ಲುತ್ತದೆ, ವ್ಯಂಜನ ಬದಲಾಗುತ್ತದೆ. ಕಣ್ಣಿಗೆ ಒಂದೇ ಚಿಹ್ನೆ, ಕಿವಿಗೆ ಒಂದೇ ಸ್ವರ. ಏಳೆಂಟು ಅಕ್ಷರ ಓದುವ ವೇಳೆಗೆ ‘ತಲೆಯ ಮೇಲೆ ಗುಡಿಸು ಇದ್ದಲ್ಲೆಲ್ಲ ಕೊನೆಯಲ್ಲಿ ಇ ಬರುತ್ತದೆ’ ಎಂದು ಮಗುವೇ ಹೇಳುತ್ತದೆ. ಅಧ್ಯಾಪಕನು ಹೇಳಿಕೊಟ್ಟ ನಿಯಮಕ್ಕೂ ಮಗು ತಾನೇ ಕಂಡುಕೊಂಡ ನಿಯಮಕ್ಕೂ ಇರುವ ಅಂತರ ದೊಡ್ಡದು. ಅಡ್ಡಸಾಲನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಬಟ್ಟೆಗೆ ಹಾಸು ಹೊಕ್ಕುಗಳೆರಡೂ ಬೇಕಾಗುವಂತೆ ಕಾಗುಣಿತಕ್ಕೆ ಎರಡು ದಿಕ್ಕಿನ ಓದೂ ಬೇಕು. ಶಾಲೆಗಳಲ್ಲಿ ಬಹುಕಾಲದಿಂದ ಒಂದು ದಿಕ್ಕು ಮಾತ್ರ ನಡೆದುಬಂದಿದೆ.

ಕಂಬಸಾಲಿನ ಓದಿನಲ್ಲಿ ಕೆಲವು ತೊಡಕುಗಳೂ ಎದ್ದು ಕಾಣುತ್ತವೆ, ಕಾಣುವುದೇ ಒಳ್ಳೆಯದು. ಕು, ಗು, ತು ಎಂಬಲ್ಲಿ ಬಲಕ್ಕೆ ಅಂಟಿದ ಕೊಂಬು, ಪು ವು ಎಂಬಲ್ಲಿ ಕೆಳಕ್ಕೆ ಇಳಿಯುತ್ತದೆ. ವಕಾರಕ್ಕೆ ಮಾಮೂಲಿನ ಕೊಂಬು ಕೊಟ್ಟರೆ ಅದು ಮಕಾರದ ಭ್ರಾಂತಿಯನ್ನು ಹುಟ್ಟಿಸುತ್ತದೆ. ಆ ಗೊಂದಲವನ್ನು ತಪ್ಪಿಸುವಂತೆ ಬರಹ ಬೆಳೆದಿದೆ. ಇಂಥ ಕಡೆ ಕಾರಣವನ್ನು ಒಂದು ಮಾತಿನಲ್ಲಿ ಹೇಳಿದರೆ ಮಗು ಮರೆಯುವುದಿಲ್ಲ.

ಮೈಸೂರಿನ ಮಗುವಿಗೆ ತನ್ನ ಊರಿನ ಹೆಸರೇ ಒಳ್ಳೆಯ ಪಾಠ. ‘ಮೈಸೂರು’ ಎಂಬುದರಲ್ಲಿ ಅಕ್ಷರ ಮೂರು: ಐತ್ವದ ಮೈ, ಕೊಂಬಿನ ದೀರ್ಘದ ಸೂ, ಬರಿಯ ಕೊಂಬಿನ ರು. ಊಕಾರ ಉಕಾರಗಳು ಅಕ್ಕಪಕ್ಕದಲ್ಲಿಯೇ ನಿಂತಿರುವುದರಿಂದ ದೀರ್ಘ ಹ್ರಸ್ವಗಳ ಭೇದವನ್ನು ಅಂಗೈ ತಟ್ಟಿ ತೋರಿಸಬಹುದು: ಸೂ ಎಂಬಲ್ಲಿ ಎರಡು ಮಾತ್ರೆ, ರು ಎಂಬಲ್ಲಿ ಒಂದು. ಐಕಾರವಂತೂ ಕನ್ನಡದ ಮಾತುಗಳಲ್ಲಿ ವಿರಳ. ವರ್ಣಮಾಲೆಯ ಕ್ರಮವನ್ನೇ ಹಿಡಿದು ಹೊರಟರೆ ಅದು ಬಹಳ ತಡವಾಗಿ ಬರುತ್ತದೆ. ಊರಿನ ಹೆಸರನ್ನು ಹಿಡಿದರೆ ಬಸ್ಸಿನ ಹಲಗೆಯ ಮೇಲೆ, ಅಂಗಡಿಯ ಫಲಕದ ಮೇಲೆ ನಿತ್ಯವೂ ಎದುರಾಗುತ್ತದೆ. ‘ಮಯ್ಸೂರು’ ಎಂದು ಬರೆದ ಮಗುವನ್ನು ಗದರಿಸುವುದಕ್ಕೆ ಮೊದಲು ಅಧ್ಯಾಪಕನು ಒಂದು ಕ್ಷಣ ಯೋಚಿಸಬೇಕು. ಕಿವಿಗೆ ಕೇಳಿದ್ದನ್ನೇ ಅದು ಬರೆದಿದೆ. ಐ ಎಂಬುದಕ್ಕೂ ಅಯ್ ಎಂಬುದಕ್ಕೂ ಉಚ್ಚಾರದಲ್ಲಿ ಹೆಚ್ಚಿನ ಅಂತರವಿಲ್ಲ. ಅದು ರೂಢಿಯ ತಪ್ಪೇ ಹೊರತು ಕಿವಿಯ ತಪ್ಪಲ್ಲ.

ಇಂಗ್ಲಿಷಿನಲ್ಲಿ ‘ಮೈಸೋರ್’ ಎಂದಿದ್ದ ಹೆಸರು 2014ರ ನವೆಂಬರ್ 1ರಿಂದ ‘ಮೈಸೂರು’ ಎಂದೇ ಅಧಿಕೃತವಾಯಿತು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮಗು ಈ ಹೆಸರನ್ನು ಎರಡು ಲಿಪಿಗಳಲ್ಲಿಯೂ ಬರೆಯಬೇಕಾಗುತ್ತದೆ. ಅಲ್ಲಿ ಅದರ ಮುಂದಿರುವ ಸಮಸ್ಯೆ ಸಣ್ಣದಲ್ಲ. ಇಂಗ್ಲಿಷಿನಲ್ಲಿ ಸ್ವರಕ್ಕೆಂದು ಇರುವ ಐದಾರು ಅಕ್ಷರಗಳು ಹತ್ತಾರು ಧ್ವನಿಗಳ ಭಾರವನ್ನು ಹೊರುತ್ತವೆ. ಒಂದೇ ಅಕ್ಷರ ಒಂದು ಮಾತಿನಲ್ಲಿ ಅಕಾರ, ಮತ್ತೊಂದರಲ್ಲಿ ಏಕಾರ, ಮಗುದೊಂದರಲ್ಲಿ ಆಕಾರ. ಸ್ವರವೂ ವ್ಯಂಜನದಂತೆಯೇ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಕನ್ನಡದಲ್ಲಾದರೋ ಸ್ವರವು ವ್ಯಂಜನದ ಮೈಗೆ ಅಂಟಿಕೊಂಡು ತಲೆಯ ಮೇಲೋ ಬಲಕ್ಕೋ ಅಡಿಯಲ್ಲೋ ಇರುತ್ತದೆ, ಆದರೆ ಎಲ್ಲಿದ್ದರೂ ತನ್ನ ಧ್ವನಿಯನ್ನು ಬಿಡುವುದಿಲ್ಲ. ಎರಡನ್ನೂ ಏಕಕಾಲಕ್ಕೆ ಕಲಿಯುವ ಮಗುವಿಗೆ ಈ ವ್ಯತ್ಯಾಸವನ್ನು ಬಾಯ್ಬಿಟ್ಟು ಹೇಳದಿದ್ದರೆ ಅದು ಕನ್ನಡದಲ್ಲಿಯೂ ಊಹೆಯಿಂದ ಓದುವ ಚಾಳಿಗೆ ಬೀಳುತ್ತದೆ. ಊಹೆಯಿಂದ ಓದಿದರೆ ದಿನಪತ್ರಿಕೆ ಹೇಗೋ ನಡೆದೀತು, ವಚನ ನಡೆಯುವುದಿಲ್ಲ. ವಚನಗಳಲ್ಲಿ ಒಂದೊಂದು ಮಾತೂ ತೂಗಿ ಇಟ್ಟದ್ದು. ಮೈಸೂರಿನ ಎಷ್ಟೋ ಭಕ್ತರ ಮನೆಗಳಲ್ಲಿ ವಚನ ಹಾಡಬಲ್ಲ ಮಕ್ಕಳಿದ್ದಾರೆ, ಓದಬಲ್ಲ ಮಕ್ಕಳು ಕಡಮೆಯಾಗುತ್ತಿದ್ದಾರೆ ಎಂಬ ಕೊರಗಿನ ಬೇರು ಇಲ್ಲಿದೆ.

ಹೊರದೇಶಗಳ ಬರಹವನ್ನು ಹೋಲಿಸಿದರೆ ಕನ್ನಡದ ಸ್ಥಾನ ಸ್ಪಷ್ಟವಾಗುತ್ತದೆ. ಜಪಾನೀಯರ ಕಾನಾ ಲಿಪಿಯಲ್ಲಿ 46 ಮೂಲ ಚಿಹ್ನೆಗಳು; ಅಲ್ಲಿ ‘ಕ’ ಎಂಬುದರ ಆಕೃತಿಗೂ ‘ಕಿ’ ಎಂಬುದರ ಆಕೃತಿಗೂ ಯಾವ ನಂಟೂ ಇಲ್ಲ. ಕೊರಿಯದ ಅರಸ ಸೆಜೊಂಗನು 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಸ್ವರವ್ಯಂಜನಗಳು ಬೇರೆಬೇರೆ ಗುರುತುಗಳಾಗಿದ್ದರೂ ಉಚ್ಚಾರಾಂಶಕ್ಕೊಂದು ಚೌಕದಂತೆ ಕೂಡಿಸಿ ಬರೆಯುತ್ತಾರೆ. ಬ್ರಾಹ್ಮಿಯ ಸಂತತಿಯಾದ ಕನ್ನಡ ಲಿಪಿ ಇವೆರಡರ ನಡುವಿನದು. ಅಕ್ಷರ ಒಂದಾಗಿ ಕಾಣುತ್ತದೆ, ಒಳಹೊಕ್ಕು ನೋಡಿದರೆ ಎರಡಾಗಿ ಬಿಡುತ್ತದೆ.

ಹ್ರಸ್ವದೀರ್ಘಗಳ ವಿಚಾರ ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದು. ಬಳೆ, ಬಾಳೆ, ಬಿಡು, ಬೀಡು, ಕುಡಿ, ಕೂಡಿ, ಬೆಳೆ, ಬೇಳೆ, ಕೊಡು, ಕೋಡು ಎಂಬ ಜೋಡಿಗಳಲ್ಲಿ ಅರ್ಥವನ್ನು ಕಾಯುವುದು ಒಂದು ಮಾತ್ರೆಯ ಕಾಲ ಮಾತ್ರ. ನಂಜನಗೂಡಿನ ರಸಬಾಳೆಯಲ್ಲಿ ಇಳಿಯೊಂದು ಬಿಟ್ಟುಹೋದರೆ ಹಣ್ಣು ಕೈಯ ಬಳೆಯಾಗುತ್ತದೆ. ಇವುಗಳಲ್ಲಿ ಎಕಾರ ಏಕಾರ, ಒಕಾರ ಓಕಾರಗಳ ಜೋಡಿಗೆ ಒಂದು ವಿಶೇಷವಿದೆ. ಸಂಸ್ಕೃತದಲ್ಲಿ ಹ್ರಸ್ವವಾದ ಎ, ಒ ಇಲ್ಲ. ಅವು ಕನ್ನಡವೇ ಮೊದಲಾದ ದ್ರಾವಿಡ ಭಾಷೆಗಳ ಸೊತ್ತು. ಉತ್ತರದಿಂದ ಬಂದ ಲಿಪಿಯಲ್ಲಿ ಇವಕ್ಕೆ ಬೇರೆ ಗುರುತಿರಲಿಲ್ಲವಾದ ಕಾರಣ ಹಳೆಯ ಬರಹದಲ್ಲಿ ಈ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ತೋರಿಸುವ ರೂಢಿ ಸಾಮಾನ್ಯವಾಗಿ ಕಾಣುವುದಿಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಭಂಡಾರಗಳಲ್ಲಿ ಓಲೆಯ ಕಟ್ಟನ್ನು ಬಿಚ್ಚಿದ ವಿದ್ಯಾರ್ಥಿಗೆ ಇದರ ಅನುಭವವಾಗುತ್ತದೆ: ‘ಬೆಳೆ’ಯೋ ‘ಬೇಳೆ’ಯೋ, ‘ಕೊಡು’ವೋ ‘ಕೋಡು’ವೋ ಎಂಬುದನ್ನು ಅರ್ಥ ನೋಡಿ, ಪದ್ಯವಾದರೆ ಛಂದಸ್ಸು ನೋಡಿ ನಿಶ್ಚಯಿಸಬೇಕು. ವಚನಕ್ಕೆ ಛಂದಸ್ಸಿನ ಕಟ್ಟೂ ಇಲ್ಲ. ಫ. ಗು. ಹಳಕಟ್ಟಿಯವರು ಓಲೆಗಳಿಂದ ವಚನಗಳನ್ನು ಎತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದಾಗ ಇಂಥ ಎಷ್ಟು ಕಡೆ ನಿಂತು ಯೋಚಿಸಿರಬೇಕು! ಇಂದಿನ ಮಗುವಿಗೆ ದೀರ್ಘದ ಚಿಹ್ನೆಯೊಂದು ಸಿದ್ಧವಾಗಿ ಸಿಕ್ಕಿದೆ. ಅದು ಬಹು ಶ್ರಮದಿಂದ ನೆಲೆಗೊಂಡ ಅನುಕೂಲ. ಎ ಏ, ಒ ಓ ಎಂಬಲ್ಲಿಯೇ ಮಕ್ಕಳು ಹೆಚ್ಚಾಗಿ ಎಡವುವುದರಲ್ಲಿ ಆಶ್ಚರ್ಯವಿಲ್ಲ.

ಎಡವುವುದಕ್ಕೆ ಆಡುಮಾತಿನ ಕಾರಣಗಳೂ ಉಂಟು. ಮೈಸೂರು ಸೀಮೆಯ ಮನೆಮಾತಿನಲ್ಲಿ ‘ಹೆಸರು’ ಹೆಸ್ರಾಗುತ್ತದೆ, ‘ಮೊಸರು’ ಮೊಸ್ರಾಗುತ್ತದೆ, ‘ಕುದುರೆ’ ಕುದ್ರೆಯಾಗುತ್ತದೆ. ನಡುವಿನ ಸ್ವರ ಜಾರಿಹೋಗಿ ಮೂರಕ್ಷರದ ಮಾತು ಎರಡಕ್ಷರಕ್ಕೆ ಇಳಿಯುತ್ತದೆ. ‘ಬೇಡ’ ಎಂಬುದು ಬ್ಯಾಡ, ‘ಮೇಲೆ’ ಎಂಬುದು ಮ್ಯಾಲೆ. ಪದದ ಮೊದಲಿಗೆ ‘ಎಲೆ’ ಎಂದು ಬರೆದದ್ದನ್ನು ‘ಯೆಲೆ’ ಎಂದೂ ‘ಒಂದು’ ಎಂದು ಬರೆದದ್ದನ್ನು ‘ವೊಂದು’ ಎಂದೂ ನುಡಿಯುತ್ತಾರೆ. ಗ್ರಾಮಾಂತರದಲ್ಲಿ ಹಕಾರ ಬಿದ್ದು ‘ಹಾಲು’ ಆಲಾಗುತ್ತದೆ. ಶಾಲೆಯಲ್ಲಿ ಅದನ್ನು ತಿದ್ದಿಸಿಕೊಂಡ ಮಗು ಭಯದಿಂದ ಅಕ್ಕಿಗೂ ಹಕಾರ ಹಚ್ಚಿ ‘ಹಕ್ಕಿ’ ಮಾಡುತ್ತದೆ! ಇಂಥ ತಪ್ಪನ್ನು ನೋಡಿ ನಗುವ ಅಧ್ಯಾಪಕನಿಗೆ ಭಾಷೆಯ ನಡೆ ತಿಳಿಯದೆಂದೇ ಹೇಳಬೇಕು. ತನ್ನ ಕಿವಿಯನ್ನು ನಂಬಿ ಬರೆದ ಮಗುವಿಗೆ ‘ಮನೆಯಲ್ಲಿ ಹೀಗೆ ಆಡುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ’ ಎಂದು ಎರಡನ್ನೂ ಗೌರವದಿಂದ ಮುಂದಿಡಬೇಕು. ತಾಯಿಯ ನುಡಿ ಅಶುದ್ಧವೆಂಬ ಭಾವನೆ ಒಮ್ಮೆ ಬೇರೂರಿದರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಜನರ ಆಡುನುಡಿಯಲ್ಲಿಯೇ ಅನುಭಾವವನ್ನು ನುಡಿದ ಶರಣರ ನಾಡಿನಲ್ಲಿ ಹಾಗಾಗಕೂಡದು.

ಇನ್ನು ಒತ್ತಕ್ಷರದ ಮಾತು. ಇಲ್ಲಿ ಕಣ್ಣಿಗೂ ಕಿವಿಗೂ ಜಗಳ. ‘ಸುತ್ತೂರು’ ಎಂಬ ಕ್ಷೇತ್ರನಾಮವನ್ನು ತೆಗೆದುಕೊಂಡರೆ ಬರಹದಲ್ಲಿ ಸು, ತ್ತೂ, ರು ಎಂದು ಮೂರಕ್ಷರ. ಮಗುವಿಗೆ ಚಪ್ಪಾಳೆ ತಟ್ಟುತ್ತ ನಿಧಾನವಾಗಿ ಹೇಳೆಂದರೆ ಅದು ಸುತ್, ತೂ, ರು ಎಂದು ಬಿಡಿಸುತ್ತದೆ. ಎಣಿಕೆ ಮೂರೇ ಆದರೂ ಮೊದಲ ತಕಾರ ಬರಹದಲ್ಲಿ ಎರಡನೆಯ ಅಕ್ಷರದ ಪಾಲು, ಉಚ್ಚಾರದಲ್ಲಿ ಮೊದಲನೆಯದರ ಪಾಲು. ಇದನ್ನು ನಮ್ಮ ಛಂದಶ್ಶಾಸ್ತ್ರಜ್ಞರು ಎಂದೋ ಗುರುತಿಸಿದ್ದರು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುತ್ತಾರೆ. ಏಕೆ ಗುರು ಎಂದು ಕೇಳುವವರು ಕಡಮೆ. ಹಿಂದಿನ ಅಕ್ಷರ ಒತ್ತಿನ ಮೊದಲ ವ್ಯಂಜನವನ್ನು ತನ್ನ ಕಡೆಗೆ ಎಳೆದುಕೊಂಡು ಭಾರವಾಗುವುದರಿಂದ ಗುರು. ‘ಸು’ ಎಂದು ಕಣ್ಣು ನೋಡಿದ್ದು ‘ಸುತ್’ ಎಂದು ಕಿವಿಗೆ ಕೇಳಿದೆ. ಪ್ರಸ್ತಾರ ಹಾಕುವ ಕೈಯಾದರೂ ಕಿವಿಯನ್ನೇ ಅನುಸರಿಸುತ್ತದೆ. ಹಳಗನ್ನಡ ಕವಿಗಳಂತೂ ‘ಅಮರ್ದು’ ಮೊದಲಾದ ಮಾತುಗಳಲ್ಲಿ ಒತ್ತು ತೇಲಿಸಿ ನುಡಿಯುವಂಥದಾದರೆ ಹಿಂದಿನ ಅಕ್ಷರವನ್ನು ಲಘುವಾಗಿಯೇ ಉಳಿಸಿಕೊಂಡು ಅದಕ್ಕೆ ಶಿಥಿಲದ್ವಿತ್ವವೆಂದು ಹೆಸರಿಟ್ಟರು. ಒತ್ತು ಬರೆದಿದೆಯೆಂಬುದಕ್ಕಿಂತ ಹೇಗೆ ನುಡಿಯುತ್ತದೆಂಬುದು ಅವರಿಗೆ ಮುಖ್ಯವಾಗಿತ್ತು.

ಒತ್ತಕ್ಷರದಲ್ಲಿ ಸ್ವರದ ಸ್ಥಾನವೂ ಮಗುವನ್ನು ದಾರಿ ತಪ್ಪಿಸುತ್ತದೆ. ‘ಭಕ್ತಿ’ ಎಂಬಲ್ಲಿ ಇಕಾರವು ತಕಾರದ ಮುಂದೆ ಕೇಳಿಸುತ್ತದೆ. ಗುಡಿಸು ಮಾತ್ರ ಮೇಲಿನ ಕಕಾರದ ತಲೆಯ ಮೇಲಿದೆ. ‘ಕಿ ಬರೆದು ಅದಕ್ಕೆ ತ ಒತ್ತು’ ಎಂದು ಹೇಳಿಕೊಡುವುದು ರೂಢಿ. ಬರೆಯುವ ಕೈಗೆ ಅದು ಸರಿ. ಓದುವ ಮಗುವಾದರೋ ‘ಭಕಿತ’ ಎಂದು ಓದುತ್ತದೆ. ಕೈಯ ಕ್ರಮವನ್ನು ಹೇಳಿಕೊಡುವಾಗಲೇ ‘ಕ್, ತ್, ಇ’ ಎಂಬ ಬಾಯಿಯ ಕ್ರಮವನ್ನೂ ಹೇಳಿಕೊಡುವುದು ಒಳ್ಳೆಯದು. ಅರ್ಕಾವೊತ್ತಿನ ವಿಷಯ ಮತ್ತೂ ವಿಚಿತ್ರ: ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರೇಫವನ್ನು ಕೊಕ್ಕೆಯಾಗಿಸಿ ಕೊನೆಗೆ ಬರೆಯುವುದೂ ಉಂಟು. ‘ಧರ್ಮ’, ‘ಕರ್ಮ’, ‘ಸ್ವರ್ಗ’ಗಳನ್ನು ಮಕ್ಕಳು ತಿರುವುಮುರುವಾಗಿ ಬರೆದರೆ ಅದರಲ್ಲಿ ಅವರ ತಪ್ಪು ಅರ್ಧ ಮಾತ್ರ.

ಈ ವಿಷಯಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಕೆಲಸ ಮೈಸೂರಿನಲ್ಲಿಯೇ ಸಾಕಷ್ಟು ನಡೆದಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರ ಜುಲೈಯಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ, ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಇವು ಈ ನಗರದ ಭಾಗ್ಯ. ಪಿ. ಪ್ರಕಾಶ್, ಪ್ರತಿಭಾ ಕಾರಂತ ಮೊದಲಾದವರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರಾಂಶ ಹೀಗಿದೆ: ಕನ್ನಡ ಓದುವ ಮಕ್ಕಳಿಗೆ ಪ್ರಾಸವನ್ನೂ ಅಕ್ಷರಘಟಕಗಳನ್ನೂ ಗುರುತಿಸುವುದು ಸುಲಭ, ಬಿಡಿ ವರ್ಣಗಳನ್ನು ಬೇರ್ಪಡಿಸುವುದು ಕಷ್ಟ. ‘ಕಮಲ’ದಿಂದ ಕಕಾರವನ್ನು ತೆಗೆ ಎಂದರೆ ‘ಮಲ’ ಎನ್ನುತ್ತಾರೆ. ‘ಕ್’ ಎಂಬುದನ್ನು ಮಾತ್ರ ತೆಗೆದು ‘ಅಮಲ’ ಎನ್ನುವುದು ಅವರಿಗೆ ತೋಚುವುದಿಲ್ಲ. ಇಂಗ್ಲಿಷ್ ಮಕ್ಕಳ ಓದಿಗೆ ಅತ್ಯವಶ್ಯವೆಂದು ಪಾಶ್ಚಾತ್ಯರು ಹೇಳುವ ವರ್ಣಪ್ರಜ್ಞೆ ಕನ್ನಡದ ಓದಿಗೆ ಅಷ್ಟು ಅನಿವಾರ್ಯವಲ್ಲವೆಂದು ಇದರಿಂದ ತಿಳಿದುಬಂದಿತು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಮತ್ತೊಂದು ಮುಖವನ್ನು ತೋರಿಸಿತು: ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಮೂರು ನಾಲ್ಕು ವರ್ಷಗಳೇ ಹಿಡಿಯುತ್ತವೆ. ಒಂದನೆಯ ತರಗತಿಯ ಕೊನೆಗೆ ಕಾಗುಣಿತ ಮುಗಿಯಲಿಲ್ಲವೆಂದು ಮಗುವನ್ನು ದಂಡಿಸುವ ತಂದೆತಾಯಿಗಳು ಈ ಮಾತನ್ನು ಕೇಳಬೇಕು. ಕನ್ನಡದ ಮಗು ನಿಧಾನವಾಗಿ ಕಲಿಯುವುದು ಅದರ ಮಂದಬುದ್ಧಿಯಿಂದಲ್ಲ, ಕಲಿಯಬೇಕಾದ ಆಕೃತಿಗಳ ವಿಸ್ತಾರದಿಂದ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿಕಲಿ’ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಪ್ರಾಥಮಿಕ ಶಾಲೆಯ ಅಧ್ಯಾಪಕರೇ ಇದನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ಈ ಪದ್ಧತಿಯಲ್ಲಿ ಅ ಆ ಇ ಈ ಎಂಬ ಕ್ರಮವಿಲ್ಲ. ಬರೆಯಲು ಸುಲಭವಾಗಿ ಆಕಾರದಲ್ಲಿ ಹೊಂದುವ ರ, ಗ, ಸ, ದ, ಅ ಎಂಬಂಥ ಅಕ್ಷರಗಳಿಂದ ಮೊದಲಾಗಿ, ಅವುಗಳಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂದು ಮಾತು ಕಟ್ಟಿಸುತ್ತಾರೆ. ಕೆಲವೇ ದಿನಗಳಲ್ಲಿ ಮಗು ಅರ್ಥವುಳ್ಳ ಪದವೊಂದನ್ನು ತಾನೇ ಓದಿದ ಸಂತೋಷವನ್ನು ಪಡೆಯುತ್ತದೆ. ಇದರ ವಿರುದ್ಧ ಸಂಪ್ರದಾಯಪ್ರಿಯರು ಎತ್ತುವ ಆಕ್ಷೇಪಣೆಯೂ ತಳ್ಳಿಹಾಕುವಂಥದಲ್ಲ: ವರ್ಣಮಾಲೆಯ ಕ್ರಮ ಯಾದೃಚ್ಛಿಕವಲ್ಲ; ಕಂಠದಿಂದ ತುಟಿಯವರೆಗೆ ಸ್ಥಾನಾನುಸಾರವಾಗಿ ಜೋಡಿಸಿದ ಅಪೂರ್ವ ಶಾಸ್ತ್ರ ಅದು; ಅದನ್ನು ಮುರಿದರೆ ಮಗುವಿಗೆ ಆ ಸಂಪತ್ತು ತಪ್ಪುತ್ತದೆ.

ಈ ವಾದದಲ್ಲಿ ಎರಡು ಬೇರೆ ಪ್ರಯೋಜನಗಳು ಬೆರೆತುಹೋಗಿವೆ. ವರ್ಣಮಾಲೆಯನ್ನು ಕಟ್ಟಿದವರು ಕಿವಿ ಬಾಯಿಗಳಿಗಾಗಿ ಕಟ್ಟಿದರು. ಅಧ್ಯಾಪಕನು ಅಕ್ಷರ ತಿದ್ದಿಸುವುದು ಕಣ್ಣು ಕೈಗಳಿಗಾಗಿ. ಬಾಯಿಪಾಠಕ್ಕೆ ಅ ಆ ಇ ಈ ಕ್ರಮವೇ ಶ್ರೇಷ್ಠ; ಬರಹಕ್ಕೆ ಆಕಾರಸಾಮ್ಯದ ಕ್ರಮ ಸುಲಭ. ಬೆಳಿಗ್ಗೆ ವರ್ಣಮಾಲೆಯನ್ನು ರಾಗವಾಗಿ ಹೇಳಿಸಿ, ಅನಂತರ ‘ಸರ’, ‘ದರ’ ಬರೆಸುವುದಕ್ಕೆ ಅಡ್ಡಿಯೇನೂ ಇಲ್ಲ. ಆದರೆ ಹೊಸ ಪದ್ಧತಿಯಲ್ಲಿ ಒಂದು ಎಚ್ಚರ ಅಗತ್ಯ. ಅಲ್ಲಿ ಮೊದಲಿಗೆ ಬರುವ ವ್ಯಂಜನಗಳೆಲ್ಲ ಅಕಾರಸಹಿತವಾದವು. ಬಹುದಿನ ಅವುಗಳಲ್ಲಿಯೇ ನಿಂತ ಮಗು ರಕಾರದಲ್ಲಿ ಅಕಾರವಿದೆಯೆಂಬುದನ್ನು ಅರಿಯದೆ, ಅದು ಒಡೆಯಲಾರದ ಒಂದು ಕಲ್ಲೆಂದು ಭಾವಿಸುತ್ತದೆ. ಮುಂದೆ ‘ರಿ’ ಬಂದಾಗ ‘ರ’ಕ್ಕೆ ‘ಇ’ ಸೇರಿ ‘ರಇ’ ಆಗಬೇಕಲ್ಲವೆ ಎಂಬ ಸಂಶಯ ಅದಕ್ಕೆ ಹುಟ್ಟುತ್ತದೆ. ಸಂಶಯ ಸಾಧುವಾದುದೇ! ಗುಡಿಸು ಬಂದು ಕೂರುವಾಗ ತಲೆಕಟ್ಟು ಎದ್ದು ಹೋಗುತ್ತದೆ, ಒಂದು ಪೀಠದಲ್ಲಿ ಒಬ್ಬರೇ ಕುಳಿತುಕೊಳ್ಳುವುದು ಎಂದು ಹೇಳಿದರೆ ಮಗುವಿಗೆ ಒಪ್ಪಿಗೆಯಾಗುತ್ತದೆ. ತಲೆಕಟ್ಟೆಂಬುದು ಅಕಾರದ ಗುರುತೆಂದು ಹಿಂದಿನವರು ಬೇರೆ ಹೆಸರಿಟ್ಟು ಹೇಳಿದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಮನೆಯಲ್ಲಿ ಮಾಡಿಸಬಹುದಾದುದೂ ಬಹಳವಿದೆ, ಅದಕ್ಕೆ ಹಣದ ವೆಚ್ಚವಿಲ್ಲ. ಕನ್ನಡಿಯ ಮುಂದೆ ಮಗುವನ್ನು ನಿಲ್ಲಿಸಿ ಅ, ಇ, ಉ ಎಂದು ನುಡಿಸಬೇಕು. ಅಕಾರಕ್ಕೆ ಬಾಯಿ ತೆರೆಯುತ್ತದೆ, ಇಕಾರಕ್ಕೆ ತುಟಿ ಅಗಲವಾಗುತ್ತದೆ, ಉಕಾರಕ್ಕೆ ದುಂಡಗಾಗುತ್ತದೆ. ಎಕಾರ ಒಕಾರಗಳು ಅ ಇ, ಅ ಉ ಇವುಗಳ ನಡುದಾರಿಯಲ್ಲಿರುವುದನ್ನು ಮಗು ತನ್ನ ಮುಖದಲ್ಲೇ ಕಾಣುತ್ತದೆ. ಇವನ್ನು ಕಂಠತಾಲವ್ಯ, ಕಂಠೋಷ್ಠ್ಯವೆಂದು ಕರೆದವರು ಕನ್ನಡಿಯಿಲ್ಲದೆಯೇ ಕಂಡಿದ್ದರು. ಹ್ರಸ್ವಕ್ಕೆ ಒಂದು ಚಿಟಿಕೆ, ದೀರ್ಘಕ್ಕೆ ಎರಡು ಚಿಟಿಕೆ ಹಾಕಿಸಬಹುದು. ಮನೆಯವರ ಹೆಸರುಗಳನ್ನು ಅಕ್ಷರಕ್ಕೊಂದರಂತೆ ಚಪ್ಪಾಳೆ ತಟ್ಟಿ ಎಣಿಸಬಹುದು: ಬಸವ ಮೂರು, ಗಂಗಾಂಬಿಕೆ ನಾಲ್ಕು, ಅಕ್ಕಮಹಾದೇವಿ ಆರು. ಒಂದೇ ಸ್ವರಕ್ಕೆ ಕಟ್ಟುಬಿದ್ದು ಮಾತುಗಳನ್ನು ಹುಡುಕುವ ಆಟವೂ ಚೆನ್ನ; ಬರಿಯ ಅಕಾರದಲ್ಲಿ ಬಸವ, ಕಮಲ, ಸರಳ ಎಂದು ಆರಂಭಿಸಿದರೆ ಸಂಜೆಯಾದರೂ ಮುಗಿಯುವುದಿಲ್ಲ.

ಸ್ವಲ್ಪ ಅಕ್ಷರ ಕೂಡಿಬಂದ ಮೇಲೆ ಮತ್ತೆ ಪಂಚಾಕ್ಷರಿಯನ್ನು ತೆಗೆದುಕೊಂಡು, ಈ ಸಲ ಬರೆದು ತೋರಿಸಬಹುದು. ನಕಾರದಲ್ಲಿ ತಲೆಕಟ್ಟು, ಮಕಾರದ ಮುಂದೆ ವಿಸರ್ಗದ ಎರಡು ಸೊನ್ನೆ, ಶಿ ಎಂಬಲ್ಲಿ ಗುಡಿಸು, ವಾ ಎಂಬಲ್ಲಿ ಇಳಿ, ಯ ಎಂಬಲ್ಲಿ ಮತ್ತೆ ತಲೆಕಟ್ಟು. ನಾಲ್ಕು ಚಿಹ್ನೆಗಳ ಪಾಠ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಬಾಯಿಗೆ ಮೊದಲೇ ಬರುವ ಸಾಲಾದುದರಿಂದ ಊಹೆಗೂ ಭಯಕ್ಕೂ ಎಡೆಯಿರುವುದಿಲ್ಲ. ವಿಸರ್ಗವೊಂದು ಮಾತ್ರ ಮಗುವಿಗೆ ಹೊಸದು. ‘ದುಃಖ’, ‘ಪುನಃ’, ‘ಅಂತಃಕರಣ’ ಎಂಬ ಕೆಲವೇ ಮಾತುಗಳಲ್ಲಿ ಅದು ಮತ್ತೆ ಸಿಗುತ್ತದೆ. ಅದನ್ನು ಎರಡನೆಯ ತರಗತಿಯವರೆಗೆ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ. ಋಕಾರದ ವಟ್ರಸುಳಿಯೂ ಹಾಗೆಯೇ: ‘ಕೃಪೆ’, ‘ಹೃದಯ’, ‘ಋಣ’ಗಳು ಪಾಠದಲ್ಲಿ ಬಂದ ದಿನ ಹೇಳಿಕೊಟ್ಟರೆ ಸಾಕು.